ಘಟ್ಟಕ್ಕೆ ಹಾಕಿದ ಹುಗ್ಗಿ ಗೋಧಿ

ದೇವರಿಗೆ ಕೈಮುಗಿಯುವುದು ಮನೆಯ ಹಿರಿಯರ ಸಮಾಧಾನಕ್ಕೆ ಎಂದು ತಿಳಿದಿದ್ದವಳು ನಾನು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತೇನೆ. ನೀರು, ಗಾಳಿ, ಬೆಚ್ಚನೆಯ ಮಣ್ಣು ಸಿಕ್ಕರೆ ಬೀಜ ಮೊಳೆಯುತ್ತದೆ, ಇದರಲ್ಲಿ ದೇವಿಯ ಕೆಲಸವೇನು ಎಂದು ತರಗತಿಯಲ್ಲೂ ಮನೆಯಲ್ಲೂ ವಾದಿಸಿದ್ದೇನೆ. ಇದನ್ನು ಓದಿ ನನ್ನ ವಿದ್ಯಾರ್ಥಿಗಳು ನಗಬಹುದು. ನಗಲಿ. ಕಂಡದ್ದನ್ನು ಕಾಣಲಿಲ್ಲ ಎನ್ನಲು ನನಗೆ ಬರುವುದಿಲ್ಲ.

ಬಾದಾಮಿಯ ಬನಶಂಕರಿ ನಮ್ಮ ಮನೆದೇವರು. ನವರಾತ್ರಿಯಲ್ಲಿ ನಮ್ಮಲ್ಲಿ ಘಟ್ಟ ಹಾಕುತ್ತಾರೆ. ದೇವರ ಮುಂದೆ ಎಲೆಯ ಮೇಲೆ ಮಣ್ಣು ಹರಡಿ, ಗೋಧಿ ಬಿತ್ತಿ, ನಡುವೆ ನೀರು ತುಂಬಿದ ಗಡಿಗೆ ಇಟ್ಟು, ದಸರೆಯವರೆಗೆ ದೀಪ ಆರದಂತೆ ಕಾಯುವುದು. ಸಸಿ ಹುಲುಸಾಗಿ ಬಂದರೆ ದೇವಿ ಒಪ್ಪಿದಳೆಂದು ಅರ್ಥ. ವರ್ಷವೂ ಇದನ್ನು ಅತ್ತೆಯವರೇ ಮಾಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅವರ ಎದೆಯ ರಕ್ತನಾಳ ಕಟ್ಟಿ, ಮನೆಯೊಳಗೆ ನಡೆದರೂ ಏದುಸಿರು ಬರತೊಡಗಿತು. ಆಪರೇಷನ್ ತಡ ಮಾಡಿದರೆ ಜೀವಕ್ಕೆ ಕುತ್ತು ಎಂದು ಡಾಕ್ಟರು ಹೇಳಿದ್ದರು. ಅತ್ತೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕೊನೆಗೆ ನವರಾತ್ರಿಯ ಹಿಂದಿನ ದಿನ ಮಂಚದ ಮೇಲೆ ಕುಳಿತು ಒಂದು ಷರತ್ತು ಹಾಕಿದರು.

“ಈ ಸಲ ಘಟ್ಟ ನೀನ ಹಾಕವಾ. ಸಸಿ ಬಂದ್ರ ಬನಶಂಕರಿ ಹ್ಞೂಂ ಅಂದ್ಲು ಅಂತ ತಿಳಕೊಂಡು ದವಾಖಾನಿಗೆ ಬರ್ತೇನಿ. ಬರಲಿಲ್ಲಂದ್ರ ಮತ್ತ ಆ ಮಾತು ತಗೀಬ್ಯಾಡ್ರಿ. ಗೋಧಿ ಅಡಿಗಿ ಮನ್ಯಾಗ ಮ್ಯಾಲಿನ ಡಬ್ಬ್ಯಾಗ ಐತಿ.”

ಇಷ್ಟೇ ತಾನೆ ಅಂದುಕೊಂಡೆ. ಗೋಧಿ ಮೊಳೆಸುವುದು ನನ್ನ ಹೊಟ್ಟೆಪಾಡಿನ ಕೆಲಸ. ನನ್ನ ಗಂಡ ಹುನಗುಂದದ ಹೊಲದಿಂದ ಎರೆಮಣ್ಣು ತಂದರು. ಬೆಳಿಗ್ಗೆ ಮಿಂದು ಬರುವಷ್ಟರಲ್ಲಿ ಕರೆಂಟು ಹೋಗಿತ್ತು. ಕಾಲೇಜಿನ ಅವಸರ ಬೇರೆ. ದೀಪದ ಬೆಳಕಿನಲ್ಲೇ ಮೇಲಿನ ಡಬ್ಬಿಗೆ ಕೈಹಾಕಿ ಗೋಧಿ ತೆಗೆದು ಬಿತ್ತಿ ಮಣ್ಣು ಮುಚ್ಚಿದೆ.

ಮರುದಿನ ನೈವೇದ್ಯಕ್ಕೆ ಬೆಲ್ಲದ ಗೋಧಿ ಹುಗ್ಗಿ ಮಾಡಲು ಕುಟ್ಟಿದ ಗೋಧಿ ಹುಡುಕಿದರೆ ಅದು ಸಿಕ್ಕಿದ್ದು ಅದೇ ಮೇಲಿನ ಡಬ್ಬಿಯಲ್ಲಿ. ನಾನು ಬಿತ್ತಿದ್ದು ಅದನ್ನೇ. ಹುಗ್ಗಿಗೆಂದು ಗೋಧಿಗೆ ನೀರು ಚಿಮುಕಿಸಿ ಒರಳಿನಲ್ಲಿ ಕುಟ್ಟಿ ಸಿಪ್ಪೆ ತೆಗೆದಿರುತ್ತಾರೆ. ಸಿಪ್ಪೆಯ ಜೊತೆ ಮೊಳಕೆ ಒಡೆಯುವ ತುದಿಯೂ ಉದುರಿ ಹೋಗಿರುತ್ತದೆ. ಅದನ್ನು ಬಿತ್ತುವುದೂ ಒಂದೇ, ಅಕ್ಕಿಕಾಳು ಬಿತ್ತುವುದೂ ಒಂದೇ. ಬೀಜ ಬಿಡಿಸಿ ಮಕ್ಕಳಿಗೆ ತೋರಿಸುವ ನಾನೇ ಕಣ್ಣಿದ್ದೂ ಕುರುಡಿಯಾಗಿದ್ದೆ.

ಗಂಡನಿಗೆ ಹೇಳಿದೆ. “ಬ್ಯಾರೆ ಗೋಧಿ ಹಾಕಿಬಿಡು. ಅವ್ವಗ ಏನ್ ಗೊತ್ತಾಗ್ತೈತಿ?” ಅಂದರು.

“ಇಟ್ಟ ಘಟ್ಟ ದಸರಿತನಾ ಕದಲಸಬಾರದು ಅಂತ ಅತ್ತಿಯವರ ಹೇಳ್ಯಾರ. ನಾ ದೇವಿನ್ನ ನಂಬೂದಿಲ್ಲ, ಖರೆ. ಆದ್ರ ಆಕಿ ಹೆಸರಿಲೆ ಅವರಿಗೆ ಮೋಸ ಮಾಡಂಗಿಲ್ರಿ. ಸಸಿ ಬರಲಿಲ್ಲಂದ್ರ ತಪ್ಪು ನಂದು, ದೇವೀದಲ್ಲ ಅಂತ ಹೇಳಿ, ಕಾಲು ಹಿಡದಾದ್ರೂ ಒಪ್ಪಸ್ತೇನಿ.”

ಅಂದಿನಿಂದ ಹಟಕ್ಕೆ ಬಿದ್ದೆ. ಬೆಳಿಗ್ಗೆ ಸಂಜೆ ಮಣ್ಣಿಗೆ ನೀರು ಚಿಮುಕಿಸಿದೆ, ಘಟ್ಟದ ಮೇಲೆ ದಿನಕ್ಕೊಂದು ಹೂಮಾಲೆ ಇಳಿಬಿಟ್ಟೆ, ದೀಪಕ್ಕೆ ಎಣ್ಣೆ ಹಾಕಿದೆ. ಬೇಡಿಕೊಳ್ಳಲಿಲ್ಲ. ಬೇಡಲು ನನಗೆ ಬಾಯಿಯೇ ಬರಲಿಲ್ಲ. ನನ್ನ ಪಾಲಿನ ಕೆಲಸದಲ್ಲಿ ಮಾತ್ರ ಎಳ್ಳಷ್ಟೂ ಕೊರತೆಯಾಗಬಾರದು ಎಂದು ನಿಶ್ಚಯಿಸಿದ್ದೆ. ಕಾಲೇಜಿಗೆ ರಜೆ ಹಾಕಿದೆ.

ಪಂಚಮಿಯ ಸಂಜೆ ದೀಪದ ಕುಡಿ ಸರಿಮಾಡಲು ಬಗ್ಗಿದಾಗ ಮಣ್ಣು ಅಲ್ಲಲ್ಲಿ ಬಿರಿದದ್ದು ಕಂಡಿತು. ಬಿರುಕಿನಲ್ಲಿ ಹಸಿರು. ಹೊಲದ ಮಣ್ಣಿನಲ್ಲಿದ್ದ ಹುಲ್ಲಿನ ಬೀಜವಿರಬೇಕೆಂದು ಒಂದನ್ನು ಮೆಲ್ಲಗೆ ಕಿತ್ತೆ. ಬೇರಿನ ಬುಡದಲ್ಲಿ ಕಾಳು ಇನ್ನೂ ಅಂಟಿಕೊಂಡಿತ್ತು. ಸಿಪ್ಪೆಯಿಲ್ಲದ, ತುದಿ ಮುರಿದ, ಬೋಳು ಹುಗ್ಗಿ ಗೋಧಿ. ಇನ್ನೊಂದು ಕಿತ್ತೆ, ಅದೂ ಹಾಗೆಯೇ. ಅಷ್ಟಮಿಯ ಹೊತ್ತಿಗೆ ಗಡಿಗೆಯ ಸುತ್ತ ಮಣ್ಣೇ ಕಾಣದಷ್ಟು ಸಸಿ ದಟ್ಟೈಸಿತ್ತು.

ಅತ್ತೆಯವರನ್ನು ಕೈಹಿಡಿದು ದೇವರ ಕೋಣೆಗೆ ಕರೆತಂದೆ. ಅವರು ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತು. ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ, “ನಡೀರಿ, ಎಲ್ಲಿಗೆ ಅಂತೀರಿ ಬರ್ತೇನಿ” ಅಂದರು. ದಸರೆ ಮುಗಿದದ್ದೇ ಆಪರೇಷನ್ ಆಯಿತು. ಈಗ ಸಂತೆಗೆ ತಾವೇ ಹೋಗಿ ಬದನೆಕಾಯಿಗೆ ಚೌಕಾಸಿ ಮಾಡುತ್ತಾರೆ.

ಆ ಡಬ್ಬಿಯಲ್ಲಿ ಉಳಿದ ಗೋಧಿಯನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಅದೇ ಮಣ್ಣಿಗೆ ಹಾಕಿದೆ. ಒಂದು ಕಾಳೂ ಮೊಳೆಯಲಿಲ್ಲ. ಕೊಳೆತು ನಾರಿತು. ಬೇರೆ ಬೇರೆ ಕುಂಡಗಳಲ್ಲಿ ಮತ್ತೆ ಮತ್ತೆ ಹಾಕಿ ನೋಡಿದೆ. ಅದೇ ಕಥೆ.

ಕಳೆದ ನವರಾತ್ರಿಯಲ್ಲಿ ಅತ್ತೆಯವರು ಮಾಲೆ ಕಟ್ಟುತ್ತ ಕುಳಿತಿದ್ದಾಗ ಎಲ್ಲ ಹೇಳಿಬಿಟ್ಟೆ. ಅವರು ಹೂ ಕಟ್ಟುತ್ತಲೇ ಹೇಳಿದರು:

“ನನಗ ಗೊತ್ತೈತಿ. ಬಿತ್ತೂ ಗೋಧಿ ಕೆಳಗಿನ ಡಬ್ಬ್ಯಾಗಿತ್ತು. ನಾನ ಬೇಕಂತ ಮ್ಯಾಲಿನದು ಹೇಳಿದ್ದೆ.”

ಯಾಕೆ ಎಂದು ಕೇಳಿದೆ.

“ಎದಿ ಸೀಳ್ತಾರ ಅಂದ್ರ ಹೆದರಿಕಿ ಬಂದಿತ್ತವಾ. ಮನ್ಯಾಗ ಕಣ್ಣು ಮುಚ್ಚೂಣು ಅಂತ ಮನಸ್ಸು ಮಾಡಿದ್ದೆ. ಕುಟ್ಟಿದ ಗೋಧಿ ನಾಟಂಗಿಲ್ಲ ಅನ್ನೂದು ನಿನಕಿಂತ ಮೊದಲ ನನಗ ಗೊತ್ತು. ದೇವೀನ ಬ್ಯಾಡ ಅಂದ್ಲು ಅಂತ ನಿಮ್ಮ ಬಾಯಿ ಮುಚ್ಚಸಬೇಕಂದಿದ್ದೆ. ಆಕಿ ನನ್ನ ಬಾಯಿನ ಮುಚ್ಚಿಸಿದ್ಲು.”

ಸಸಿ ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಖಾತ್ರಿಯಾಗಿ ಗೊತ್ತಿತ್ತು. ಒಬ್ಬಳು ದೇವಿಯನ್ನು ನಂಬದವಳು, ಇನ್ನೊಬ್ಬರು ನಂಬಿಯೂ ಅವಳ ಕಣ್ಣಿಗೆ ಮಣ್ಣೆರಚಲು ಹೊರಟವರು. ಆದರೂ ಸಸಿ ಬಂತು. ಅತ್ತೆ ಕಟ್ಟಿ ಮುಗಿಸಿದ ಮಾಲೆಯನ್ನು ನನ್ನ ಕೈಗೆ ಕೊಟ್ಟರು. ತಂದು ಘಟ್ಟದ ಮೇಲೆ ಇಳಿಬಿಟ್ಟೆ.