ಭಂಡಾರ ನುಂಗಿದ ಫಟಫಟಿ

ಉಗರಗೋಳದ ಸೂಲಗಿತ್ತಿ ನಾಗವ್ವನ ಮನೆಯ ಮುಂದೆ ನನ್ನ ಫಟಫಟಿ ಬೈಕು ಮತ್ತೆ ಬಂದ್ ಬಿತ್ತು. ಜೋರು ಇಟ್ಟರೆ ಗುಡುಗುತ್ತಿತ್ತು, ಎಕ್ಸಿಲರೇಟರ್ ಇಳಿಸಿದೊಡನೆ ಪ್ರಾಣ ಬಿಡುತ್ತಿತ್ತು. ಅತ್ತ ಸವದತ್ತಿಯ ನಮ್ಮ ಮನೆಯಲ್ಲಿ, ಹೆರಿಗೆಗೆ ಬಂದ ತಂಗಿಗೆ ನೋವು ಶುರುವಾಗಿತ್ತು.

“ಆಯಿ, ಜೋರ್ ಇಟ್ಟಾಗನ ಹತ್ತಿಬಿಡ್ರಿ. ಇಳಿಸಿದ್ರ ಬಂದ್ ಬೀಳತೈತಿ,” ಎಂದೆ.

“ನಾನೇನ್ ಮಂಗ್ಯಾ ಏನೋ, ಹಾರಿ ಕುಂಡ್ರಾಕ? ಮೊದಲ ನಿನ್ನ ಕುದರಿಗೆ ಸುಮ್ನ ನಿಂದ್ರಾಕ ಕಲಸು!” ಎಂದು ನಾಗವ್ವ ಗಂಟು ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತೇಬಿಟ್ಟಳು.

ಬೇರೆ ದಾರಿಯಿಲ್ಲದೆ ಕಾರ್ಬುರೇಟರ್ ಬಿಚ್ಚಿದೆ. ಯಂತ್ರ ಮೆಲ್ಲಗೆ ತಿರುಗುವಾಗ ಪೆಟ್ರೋಲ್ ಬರುವ ಸೂಜಿಮೊನೆಯಂಥ ತೂತಿನಲ್ಲಿ ಹಳದಿ ಕೆಸರು ಕಟ್ಟಿತ್ತು. ಆಗ ಹೊಳೆಯಿತು. ಹಿಂದಿನ ದಿನದ ದಸರೆಯ ಖಂಡೇಪೂಜೆಯಲ್ಲಿ ನಮ್ಮವ್ವ ಫಟಫಟಿಯ ದೀಪಕ್ಕೆ, ಗಾಲಿಗೆ, ಯಂತ್ರಕ್ಕೆ ಎಲ್ಲಮ್ಮನ ಭಂಡಾರದ ಅರಿಸಿನಪುಡಿಯನ್ನು ಮುಷ್ಟಿ ತುಂಬ ಎರಚಿದ್ದಳು. ಗಾಳಿ ಎಳೆಯುವ ಬಾಯಿ ಅದನ್ನೂ ನುಂಗಿತ್ತು.

ಪೆಟ್ರೋಲಿನಲ್ಲಿ ತೊಳೆದು, ಬಾಯಿಂದ ಊದಿ, ಮತ್ತೆ ಜೋಡಿಸಿದೆ. ಈ ಸಲ ಎಕ್ಸಿಲರೇಟರ್ ಇಳಿಸಿದರೂ ಯಂತ್ರ ನಿಂತಲ್ಲೇ ಮೆತ್ತಗೆ ಮಿಡಿಯಿತು. ನಾಗವ್ವ ನನ್ನ ಹಳದಿ ತುಟಿ ನೋಡಿ ನಕ್ಕು, ಹಿಂದೆ ಹತ್ತಿದಳು. ನಾವು ಮನೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಸೋದರಸೊಸೆ ಹುಟ್ಟಿದಳು.

ಸಂಗತಿ ತಿಳಿದ ಅವ್ವ ಮರುವರ್ಷವೂ ಭಂಡಾರ ಎರಚಿದಳು. ಆದರೆ ಮೊದಲು ಎಡಗೈಯಿಂದ ಆ ಗಾಳಿಯ ಬಾಯಿ ಮುಚ್ಚಿದಳು, ತಲೆಗೆ ಎರೆಯುವಾಗ ಕೂಸಿನ ಕಣ್ಣಿಗೆ ನೀರು ಹೋಗದಂತೆ ಕೈ ಅಡ್ಡ ಹಿಡಿಯುತ್ತಾರಲ್ಲ, ಹಾಗೆ.