ಎರಡನೆಯ ಒಲೆ

ಆರ್ಕಿಟೆಕ್ಚರ್ ಓದುವವರು ಕೊನೆಯ ವರ್ಷಕ್ಕೆ ಮೊದಲು ಕೆಲವು ತಿಂಗಳು ಯಾವುದಾದರೂ ಕಚೇರಿಯಲ್ಲಿ ಕೆಲಸ ಕಲಿಯಬೇಕು. ನನ್ನ ಗೆಳತಿಯರು ಪುಣೆ, ಬೆಂಗಳೂರು ಅಂತ ಹೊರಟರು. ನಾನು ಚಿಕ್ಕೋಡಿಯಲ್ಲಿ, ಮೊಬೈಲ್ ಅಂಗಡಿಯೊಂದರ ಮಹಡಿಯ ಮೇಲಿದ್ದ ಎರಡು ಕೋಣೆಯ ಕಚೇರಿಗೆ ಹೋದೆ. ಅಂಕಲಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರಬಹುದು ಎಂಬುದೊಂದೇ ಅಪ್ಪ ಕಂಡ ಅನುಕೂಲ. ಗೆಳತಿಯರು ಗಾಜಿನ ಕಟ್ಟಡಗಳ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಕಳಿಸಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಚೇರಿಯ ಸರ್ ನಿಪ್ಪಾಣಿಯಿಂದ ಅಥಣಿಯವರೆಗೆ ಮನೆ ಕಟ್ಟಿಸಿದವರು. ಮಾತು ಕಡಿಮೆ. ಮನೆ ಕಟ್ಟಿಸುವವರ ಎದುರು ನಾನು ಟೇಪು ಹಿಡಿಯಬೇಕು, ಬಾಯಿ ಬಿಡಬಾರದು ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ನನಗೆ ಬಾಯಿ ಮುಚ್ಚಿಕೊಂಡಿರುವುದೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಮನೆಯ ಮುಂಭಾಗವನ್ನು ಬಣ್ಣ, ನೆರಳು, ಗಿಡ, ಕಾರು ಸಮೇತ ಮೂಡಿಸುವುದರಲ್ಲಿ ನನ್ನ ಕೈ ಚುರುಕಾಗಿತ್ತು. ಸರ್ ಅದನ್ನು ನೋಡಿ, "ಕಾರ್ ಛಲೋ ಬಂದೈತಿ. ಮಳಿ ನೀರ ಎಲ್ಲಿ ಹೋಗತೈತಿ ತೋರಸು," ಎನ್ನುತ್ತಿದ್ದರು. ನಾನು ತೋರಿಸಿರುತ್ತಿರಲಿಲ್ಲ.

ಆದರೂ ಉಗಾರ ಬುದ್ರುಕದ ಮನೆಯೊಂದನ್ನು ಅವರು ನನ್ನ ಕೈಗೇ ಕೊಟ್ಟರು. ಕಬ್ಬಿನ ಹೊಲ ಇದ್ದ ಕೂಡು ಕುಟುಂಬ: ಗಂಡನನ್ನು ಕಳೆದುಕೊಂಡ ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಮಕ್ಕಳುಮರಿ. ಹಳೆಯ ಮನೆಗೆ ಹೊಳೆಯ ನೀರು ನುಗ್ಗಿ ಗೋಡೆ ಕುಸಿದಿದ್ದರಿಂದ ಎತ್ತರದ ಹೊಲದಲ್ಲಿ ಹೊಸದು ಕಟ್ಟುವುದೆಂದು ಹಿರಿಯ ಮಗ ತೀರ್ಮಾನಿಸಿದ್ದ. ಅವನು ಕೇಳಿದ್ದು ಒಂದೇ: ಎಲ್ಲರೂ ಒಟ್ಟಿಗೆ ಕೂತು ಉಣ್ಣುವಷ್ಟು ದೊಡ್ಡ ಅಡುಗೆಮನೆ.

ಮನೆಯಲ್ಲಿ ಇರುವ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಮಾತಾಡಿಸಬೇಕು ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ನಾನು ಹಾಗೇ ಮಾಡಿದೆ. ಹಿರಿಯ ಸೊಸೆ ಅಡುಗೆಮನೆಯ ಕಪಾಟುಗಳ ಬಗ್ಗೆ ಹೇಳಿದರು. ಆಯಿ, ಅಂದರೆ ಆ ಮನೆಯ ತಾಯಿ, ತನಗೆ ಏನೂ ಬೇಡ, ಬಾಗಿಲ ಹೊಸ್ತಿಲು ಎತ್ತರ ಇರದಿದ್ದರೆ ಸಾಕು ಎಂದರು. ಕಿರಿಯ ಸೊಸೆ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸು. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಅವರು ಆಚೀಚೆ ನೋಡಿ, ತಮ್ಮ ಕೋಣೆಯ ಪಕ್ಕ ಒಬ್ಬರು ನಿಂತು ಚಹಾ ಮಾಡಿಕೊಳ್ಳುವಷ್ಟು ಜಾಗ ಆಗುತ್ತದೆಯೇ ಎಂದು ಕೇಳಿದರು. ಆ ಮನೆಯಲ್ಲಿ ಒಲೆ ಹಚ್ಚಿದವರು ಎಲ್ಲರನ್ನೂ 'ಚಹಾ ಬೇಕಾ' ಎಂದು ಕೇಳಲೇಬೇಕು, ಕೇಳಿದ ಮೇಲೆ ಎಲ್ಲರಿಗೂ ಮಾಡಲೇಬೇಕು. ಡ್ಯೂಟಿ ಮುಗಿಸಿ ಕಾಲು ಸೋತು ಬಂದವರು ಮನೆಮಂದಿಗೆಲ್ಲ ಚಹಾ ಕಾಸಿ, ಪಾತ್ರೆ ತೊಳೆದಿಟ್ಟು, ಆರಿದ ತಮ್ಮ ಕಪ್ಪನ್ನು ಹಿಡಿದುಕೊಳ್ಳುತ್ತಿದ್ದರು.

"ನಾ ಕೇಳೀನಿ ಅಂತ ಮಾತ್ರ ಎಲ್ಲೂ ಹೇಳಬ್ಯಾಡ ತಂಗಿ," ಎಂದರು.

ಇಷ್ಟು ಸಣ್ಣ ಆಸೆಗೆ ಇಷ್ಟು ಹೆದರಿಕೆ ಯಾಕೆ ಎಂದು ನನಗೆ ಸಿಟ್ಟೇ ಬಂತು. ಅವರ ಕೋಣೆಗೂ ಆಯಿಯ ಕೋಣೆಗೂ ನಡುವೆ ಒಂದು ಪುಟ್ಟ ಕೋಣೆ ಕೂಡಿಸಿದೆ. ಅದರಲ್ಲೊಂದು ಕಟ್ಟೆ, ಒಂದು ನಳ, ಹೊಗೆ ಹೋಗಲು ಮೇಲೊಂದು ಕಿಂಡಿ. ಬಾಗಿಲು ಕಿರಿಯ ಸೊಸೆಯ ಕೋಣೆಯಿಂದ. ಸರ್ ನಕ್ಷೆಯಲ್ಲಿ ಕಂಬಗಳನ್ನೂ ಮೆಟ್ಟಿಲುಗಳನ್ನೂ ತಿದ್ದಿದರು, ಆ ಮೂಲೆಯದು ಬಚ್ಚಲಿರಬೇಕು ಅಂದುಕೊಂಡು ಹಾಗೇ ಬಿಟ್ಟರು. ಮನೆಯವರಂತೂ ನಾನು ಮಾಡಿದ ಬಣ್ಣದ ಚಿತ್ರ ನೋಡಿದ್ದೇ ನಕ್ಷೆಯನ್ನು ಮಡಿಚಿಟ್ಟರು. ಹಿರಿಯ ಮಗ ಆ ಚಿತ್ರವನ್ನು ಬೀಗರಿಗೆಲ್ಲ ಫೋನಿನಲ್ಲಿ ಕಳಿಸಿದ್ದ.

ಗುದ್ದಲಿ ಪೂಜೆಯ ಹಿಂದಿನ ದಿನ ಹೊಲದಲ್ಲಿ ಗೋಡೆ ಕಟ್ಟುವ ಗೌಂಡಿಯಿಂದ ಸುಣ್ಣದ ಪುಡಿಯ ಗೆರೆ ಹಾಕಿಸಿದೆವು. ಇಡೀ ಮನೆ ನೆಲದ ಮೇಲೆ ಬೆಳ್ಳಗೆ ಬಿದ್ದುಕೊಂಡಿತು. ನಮ್ಮ ಕಡೆ ಜನ ಕಾಗದದಲ್ಲಿ ಮನೆ ನೋಡುವುದಿಲ್ಲ, ಸುಣ್ಣದಲ್ಲಿ ನೋಡುತ್ತಾರೆ. ಅವತ್ತೂ ಎಲ್ಲರೂ ಬಂದರು. ಗೋಡೆ ಇರುವಲ್ಲಿ ಯಾರೂ ಗೆರೆ ದಾಟಲಿಲ್ಲ. ತಲೆಬಾಗಿಲಿಗೆ ಬಿಟ್ಟ ಸಂದಿಯಿಂದಲೇ, ಬಲಗಾಲಿಟ್ಟು, ಸಾಲಾಗಿ ಒಳಗೆ ಹೋದರು. ಆಯಿಗೆ ಪಡಸಾಲೆಯ ಜಾಗದಲ್ಲಿ ಕುರ್ಚಿ ಹಾಕಿದ್ದರು. ಹಿರಿಯ ಸೊಸೆ ಅಡುಗೆಮನೆಯೊಳಗೆ ನಿಂತು ಇಲ್ಲಿ ಒಲೆ, ಇಲ್ಲಿ ಫ್ರಿಜ್ಜು ಎಂದು ಕೈ ಮಾಡಿ ತೋರಿಸುತ್ತಿದ್ದರು. ಅವರ ಖುಷಿ ನೋಡಿ ನನಗೂ ಖುಷಿಯಾಗಿತ್ತು.

ಹಿರಿಯ ಮಗ ಒಂದೊಂದೇ ಕೋಣೆ ದಾಟಿ ಹಿಂದಿನ ಮೂಲೆಗೆ ಬಂದ. ಆ ಪುಟ್ಟ ಜಾಗದ ಮುಂದೆ ನಿಂತು ಗೌಂಡಿಯನ್ನು ಇದೇನು ಎಂದು ಕೇಳಿದ. ಗೌಂಡಿಗೆ ಸುಳ್ಳು ಹೇಳುವ ಕಾರಣವೇ ಇರಲಿಲ್ಲ. ಕಟ್ಟೆ ಇಲ್ಲಿ ಬರುತ್ತದೆ, ನಳ ಇಲ್ಲಿ, ಹೊಗೆ ಹೋಗುವ ಕಿಂಡಿ ಮೇಲೆ ಎಂದು ಬೆರಳು ಮಾಡಿ ತೋರಿಸಿದ.

"ಒಂದ ಮನ್ಯಾಗ ಎರಡು ಒಲಿ," ಎಂದ ಹಿರಿಯ ಮಗ. ದನಿ ಏರಿಸಲಿಲ್ಲ. "ಮನಿ ಕಟ್ಟೂಕಿಂತ ಮೊದಲ ಒಡದ್ರಲ್ಲ."

ಅವನು ಹಾಗೆಂದ ಮೇಲೆ ನನಗೆ ಹೊಳೆಯಿತು. ನಮ್ಮ ಮನೆ ಸಣ್ಣದು, ಅಪ್ಪ ನೌಕರಿಯವರು. ಒಲೆಯ ಲೆಕ್ಕ ನಮಗೆ ಬಂದದ್ದಿಲ್ಲ. ಆದರೆ ಹೊಲಮನೆಯವರಲ್ಲಿ ಅಣ್ಣತಮ್ಮಂದಿರ ಜಮೀನು ಕಾಗದದಲ್ಲಿ ಬೇರೆಯಾದರೂ ಊರು ಅದನ್ನು ಒಡಕು ಅನ್ನುವುದಿಲ್ಲ. ಎರಡನೆಯ ಒಲೆ ಹೊತ್ತಿದ ದಿನ ಅನ್ನುತ್ತದೆ. ಆ ಒಲೆಯನ್ನು ಹಚ್ಚಿಸಿದವಳು ಯಾರೆಂದು ಹುಡುಕಿ, ಅವಳ ಹೆಸರಿಗೇ ಅದನ್ನು ಅಂಟಿಸುತ್ತದೆ. ಕಿರಿಯ ಸೊಸೆ ಹೆದರಿದ್ದು ಯಾಕೆಂದು ಸುಣ್ಣದ ಗೆರೆಗಳ ನಡುವೆ ನಿಂತಾಗ ತಿಳಿಯಿತು. ಮನೆ ಮುರಿದವಳು ಎಂದು ಒಮ್ಮೆ ಅನ್ನಿಸಿಕೊಂಡರೆ ಅವರು ಆ ಮನೆಯಲ್ಲಿ ಬದುಕುವುದು ಹೇಗೆ?

ಅವರು ಗಂಡನ ಹಿಂದೆ ನಿಂತಿದ್ದರು. ಮುಖ ಸುಣ್ಣಕ್ಕಿಂತ ಬಿಳುಪಾಗಿತ್ತು. ಸರ್ ನನ್ನ ಕಡೆ ತಿರುಗಿದರು. ಮಕ್ಕಳು ಕೂಡ ಆಟ ನಿಲ್ಲಿಸಿದ್ದರು.

ಯಾರು ಹೇಳಿ ಹಾಕಿಸಿದ್ದು ಎಂದು ಹಿರಿಯ ಮಗ ನನ್ನನ್ನು ಕೇಳಿದ.

"ಯಾರೂ ಹೇಳಿಲ್ರಿ. ಕಾಲೇಜಿನ್ಯಾಗ ಹಿಂಗ ಕಲಸ್ತಾರ್ರಿ. ನಾನ ಹಾಕೀನಿ."

ಅವನು ನಂಬಲಿಲ್ಲ. ತಮ್ಮನ ಹೆಂಡತಿಯನ್ನು ನೇರವಾಗಿ ಕೇಳುವ ರೂಢಿ ಅವರಲ್ಲಿಲ್ಲ. ತಮ್ಮನ ಕಡೆ ನೋಡಿ, ನಿನ್ನ ಹೆಂಡತಿಯನ್ನು ಕೇಳು ಎಂದ. ತಮ್ಮ ನಿಧಾನವಾಗಿ ಹಿಂದಕ್ಕೆ ತಿರುಗಿದ. ಕಿರಿಯ ಸೊಸೆ ಬಾಯಿ ತೆರೆದರು. ಅವರು ನಿಜ ಹೇಳಿಬಿಡುತ್ತಾರೆ, ಎಲ್ಲ ಮುಗಿಯಿತು ಎಂದುಕೊಂಡೆ.

"ನಾ ಹೇಳೀನಿ," ಎಂದರು ಆಯಿ, ಕುರ್ಚಿಯಿಂದ ಏಳದೆ. "ಗುಳಿಗಿ ನುಂಗಾಕ ಬಿಸಿನೀರ ಬೇಕು. ಹೊತ್ತಿಲ್ಲದ ಹೊತ್ತಿನ್ಯಾಗ ಯಾರನ್ನ ಎಬ್ಬಸ್ಲಿ? ಈ ಹುಡಿಗಿ ಬಾಗಲಾ ಆ ಕಡೆ ಇಟ್ಟಾಳ. ನನ್ನ ಕಡೆ ತಗೋರಿ."

ಯಾರೂ ಹೇಳಿಲ್ಲ ಎಂದು ನಾನು, ತಾನೇ ಹೇಳಿದ್ದು ಎಂದು ಆಯಿ. ಇಬ್ಬರಲ್ಲಿ ಒಬ್ಬರದು ಸುಳ್ಳು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಆದರೆ ಹಿರಿಯ ಮಗ ತಾಯಿಯನ್ನು ಸುಳ್ಳಿ ಅನ್ನುವ ಹಾಗಿರಲಿಲ್ಲ. ಮುದುಕಿಗೆ ನೀರು ಕಾಸುವ ಕಟ್ಟೆ ಒಲೆಯಾಗುವುದಿಲ್ಲ ಎಂದು ಅವನೇ ತೀರ್ಪು ಕೊಟ್ಟುಕೊಂಡ. ಗೌಂಡಿ ಕಾಲಿನಿಂದ ಒಂದು ಕಡೆಯ ಗೆರೆ ಅಳಿಸಿ, ಇನ್ನೊಂದು ಕಡೆಯ ಸಂದಿಗೆ ಸುಣ್ಣ ಸುರಿದು ಮುಚ್ಚಿದ. ಕಿರಿಯ ಸೊಸೆಯ ಬಾಗಿಲು ಹೋಯಿತು, ಆಯಿಯ ಕೋಣೆಗೆ ಬಾಗಿಲು ಬಂತು.

ಕಾರಿನಲ್ಲಿ ವಾಪಸು ಬರುವಾಗ ಕೃಷ್ಣೆಯ ಸೇತುವೆ ದಾಟಿದ ಮೇಲೆ ಸರ್ ಬಾಯಿಬಿಟ್ಟರು. ಯಾರಾದರೂ ಪಿಸುಮಾತಿನಲ್ಲಿ ಏನಾದರೂ ಕೇಳಿದರೆ ಮೊದಲು ತಮ್ಮ ಕಿವಿಗೆ ಹಾಕಬೇಕು, ಅದಾಗದಿದ್ದರೆ ನಾಳೆಯಿಂದ ಬರುವುದು ಬೇಡ ಎಂದರು. ನಾನು ಹೂಂ ಎಂದೆ. ಯಾರು ಕೇಳಿದ್ದರು ಎಂದು ಅವರು ವಿಚಾರಿಸಲಿಲ್ಲ.

ಮರುದಿನ ಪೂಜೆಗೆ ನೆಂಟರು ತುಂಬಿದ್ದರು. ಪ್ರಸಾದ ಕೊಡುವ ನೆಪದಲ್ಲಿ ಕಿರಿಯ ಸೊಸೆ ನನ್ನ ಹತ್ತಿರ ಬಂದರು. ನಾನು ಅವರನ್ನು ಬಿಟ್ಟುಕೊಡಲಿಲ್ಲವೆಂದು ಒಳಗೊಳಗೇ ಬೀಗುತ್ತಿದ್ದೆ, ಅವರು ಅದನ್ನೇ ಹೇಳುತ್ತಾರೆ ಎಂದುಕೊಂಡೆ.

"ಛಲೋ ಆತು ತಂಗಿ," ಎಂದು ನಕ್ಕರು. "ಇನ್ನ ಚಾ ಬೇಕಂದ್ರ ಅತ್ತಿ ಹಾಸಿಗಿ ದಾಟಿ ಹೋಗಬೇಕು."

ದೂರುವ ದನಿಯಲ್ಲ ಅದು. ಅಭ್ಯಾಸವಾದವರ ದನಿ.

ಆಯಿ ಮಾಡಿದ್ದು ಏನು ಎಂದು ಅಂದಿನಿಂದ ನನ್ನ ತಲೆ ತಿನ್ನತೊಡಗಿತು. ಸೊಸೆಯನ್ನು ಉಳಿಸಿದರೋ, ಇಲ್ಲ ಅವಳ ಚಹಾವನ್ನೂ ತಮ್ಮ ಕಣ್ಣಳತೆಯಲ್ಲಿ ಇಟ್ಟುಕೊಂಡರೋ? ಪಾಯ ತುಂಬಿತು, ಗೋಡೆ ಎದ್ದಿತು. ಇಟ್ಟಿಗೆ ಕಿಟಕಿಯ ಮಟ್ಟಕ್ಕೆ ಬಂದಾಗ ಇನ್ನು ತಡೆದರೆ ಆಗದು ಎನ್ನಿಸಿ ಸರ್ ಹತ್ತಿರ ಹೋದೆ. ಈ ಸಲ ಎಲ್ಲ ಹೇಳಿದೆ. ಆ ಪುಟ್ಟ ಕೋಣೆಗೆ ಕಿರಿಯ ಸೊಸೆಯ ಕಡೆಯಿಂದಲೂ ಒಂದು ಬಾಗಿಲು ಇಟ್ಟರೆ ಸಾಕು, ಆಯಿಯ ಬಾಗಿಲೂ ಇರಲಿ ಎಂದೆ. ಸರ್ ಆಗದೆಂದು ತಲೆಯಾಡಿಸಿಬಿಟ್ಟರು. ಆರಿದ ಬೆಂಕಿಯನ್ನು ತಾವು ಕೆದಕುವುದಿಲ್ಲ, ಆಯಿ ಸ್ವತಃ ಹೇಳಿದರೆ ಮಾತ್ರ ಗೋಡೆ ಮುಟ್ಟುವುದು ಎಂದರು.

ಅಂದರೆ ನಾನೇ ಆಯಿಯನ್ನು ಕೇಳಬೇಕು. ಕೇಳಿದರೆ ಆ ಜಾಗ ಯಾರಿಗಾಗಿ ಹಾಕಿದ್ದು ಎಂದು ಒಪ್ಪಿಕೊಂಡ ಹಾಗೆ. ಅವರು ಮಗನಿಗೆ ಒಂದು ಮಾತು ಹೇಳಿದರೂ ಕಿರಿಯ ಸೊಸೆ ಮತ್ತೆ ಆ ಸುಣ್ಣದ ಗೆರೆಗಳ ನಡುವೆ ನಿಲ್ಲಬೇಕಾಗುತ್ತದೆ, ಈ ಸಲ ಬಿಡಿಸುವವರು ಯಾರೂ ಇರುವುದಿಲ್ಲ.

ಗೋಡೆಗೂಡಿನ ಅಳತೆ ಕೇಳುವ ನೆಪ ಮಾಡಿಕೊಂಡು ಹೋದೆ. ಹಿರಿಯ ಮಗ ಗೌಂಡಿಗಳ ಜೊತೆ ಮುಂದಿನ ಕಂಬದ ಹತ್ತಿರ ಮಾತಾಡುತ್ತಿದ್ದ. ಆಯಿ ಅರ್ಧ ಎದ್ದ ತಮ್ಮ ಕೋಣೆಯಲ್ಲಿ, ಇಟ್ಟಿಗೆಯ ಅಟ್ಟಿಯ ಮೇಲೆ ಕೂತಿದ್ದರು. ನಾನು ನಕ್ಷೆ ಬಿಚ್ಚಿ, ದನಿ ತಗ್ಗಿಸಿ, ಈ ಸಣ್ಣ ಕೋಣೆಗೆ ಆ ಕಡೆಯಿಂದಲೂ ಒಂದು ಬಾಗಿಲು ಇಡಲೇ ಎಂದು ಕೇಳಿದೆ.

ಯಾಕೆ ಎಂದರು. ಗಾಳಿಗೆ ಎಂದೆ. ಗಾಳಿಗೆ ಮೇಲೆ ಕಿಂಡಿ ಇದೆಯಲ್ಲ ಎಂದರು. ಹಿರಿಯ ಮಗನ ಮಾತು ಹತ್ತಿರ ಬರುತ್ತಿತ್ತು. ಆಯಿ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ.

"ಇಡು," ಎಂದರು ಕೊನೆಗೆ. "ಕೇಳಿದ್ರ ಮುದುಕಿ ಹೇಳ್ಯಾಳ ಅನ್ನು. ರಾತ್ರಿ ನನಗ ಏನರೆ ಆದ್ರ ಸೊಸಿ ಬರಾಕ ಬಾಗಲಾ ಬೇಕಲ್ಲ."

ನಕ್ಷೆ ಮಡಿಚಲು ಹೋದೆ. ಆಯಿ ಅದರ ಮೇಲೆ ಕೈ ಇಟ್ಟು ತಡೆದರು. ತಮ್ಮ ಕಡೆಯ ಬಾಗಿಲಿಗೆ ಚಿಲಕ ಎಲ್ಲಿದೆ ತೋರಿಸು ಎಂದರು. ನಕ್ಷೆಯಲ್ಲಿ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದಷ್ಟೇ ಬರೆದಿರುತ್ತೇವೆ, ಚಿಲಕ ಬರೆಯುವುದಿಲ್ಲ ಎಂದೆ. ಸಾಮಾನ್ಯವಾಗಿ ಮಲಗುವ ಕೋಣೆಯ ಒಳಗೆ, ಅಂದರೆ ನಿಮ್ಮ ಕಡೆಗೆ ಬರುತ್ತದೆ ಎಂದೆ.

"ಬ್ಯಾಡ. ಆಕಿ ಕಡೆ ಹಚ್ಚಸು," ಎಂದರು. "ಈ ಮನಿಗಿ ಸೊಸಿಯಾಗಿ ಬಂದಾಗಿಂದ ನಾ ಒಬ್ಬಾಕಿ ಕುಂತು ಒಂದ ಕಪ್ ಚಾ ಕುಡದಿಲ್ಲವ್ವ. ಆಕಿ ಕುಡಿವಾಗ ನಾನೂ ಒಳಗ ಬರಬಾರ್ದು."