ಎಮ್ಮೆಯ ಹಲ್ಲು ನೋಡಿದ ಗುಮಾಸ್ತರು

ಎಂಬತ್ತೆರಡನೆಯ ಇಸವಿಯ ಸುಮಾರಿಗೆ ಹರಪನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದವರು ಬ್ಯಾಂಕಿನ ಗುಮಾಸ್ತರಾದ ಮೈಲಪ್ಪನವರು. ಅದಕ್ಕೆ ಮೊದಲು ಅವರು ಹಿರೇಹಡಗಲಿಯ ಸಣ್ಣ ಶಾಖೆಯಲ್ಲಿದ್ದರು. ಅಲ್ಲಿದ್ದವರೇ ಮೂವರು, ಹಾಗಾಗಿ ಮೈಲಪ್ಪನವರು ಮಾಡದ ಕೆಲಸವಿರಲಿಲ್ಲ. ಹೆಬ್ಬೆಟ್ಟು ಒತ್ತುವ ಹೆಂಗಸರಿಗೆ ಸಹಿ ಕಲಿಸುವರು, ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಡುವರು, ಜಗಳವಾಡಿ ಬಂದ ಅಣ್ಣತಮ್ಮಂದಿರನ್ನು ಒಂದೇ ಬೆಂಚಿನ ಮೇಲೆ ಕೂರಿಸುವರು. ಎಮ್ಮೆ ಕೊಳ್ಳಲು ಸಾಲ ಕೇಳಿದವರಿದ್ದರೆ ಸೈಕಲ್ ತುಳಿದು ಹೋಗಿ, ಎಮ್ಮೆಯ ಹಲ್ಲು ನೋಡಿ ವಯಸ್ಸು ಅಂದಾಜು ಮಾಡುವರು. ಸಂಜೆ ಸೊಂಟ ನೋವೆಂದು ಗೊಣಗುತ್ತಿದ್ದರಂತೆ. ಅದನ್ನು ಕೇಳಲಾರದೆ ಹೆಂಡತಿ ಅಂಜಿನಕ್ಕನೇ ಅವರ ಬೆನ್ನು ಹತ್ತಿ ಇಲ್ಲಿಗೆ ವರ್ಗ ಮಾಡಿಸಿದಳು.

ಇಲ್ಲಿಯ ಶಾಖೆ ದೊಡ್ಡದು. ಕಿಟಕಿಯ ಹಿಂದೆ ಕುಳಿತು ಹಣ ತೆಗೆಯುವವರ ಚೀಟಿಯ ಸಹಿಯನ್ನು ಬ್ಯಾಂಕಿನ ಕಾರ್ಡಿನಲ್ಲಿರುವ ಸಹಿಯೊಡನೆ ಹೋಲಿಸಿ ಪಕ್ಕದವರಿಗೆ ದಾಟಿಸುವುದಷ್ಟೇ ಅವರ ಕೆಲಸ. ತಲೆಯ ಮೇಲೆ ಫ್ಯಾನು, ಐದಕ್ಕೆ ಮನೆ. ಮಗಳು ಹೈಸ್ಕೂಲು ಸೇರಿದಳು. ಅಂಜಿನಕ್ಕ ಹಿಗ್ಗಿದಳು.

ಮೈಲಪ್ಪನವರು ಮಾತ್ರ ಮಂಕಾದರು. ನಮ್ಮ ಜಗಲಿಯ ಮೇಲೆ ಕುಳಿತು, ಮೈ ದಣಿಯದಿದ್ದರೂ ಇಷ್ಟು ಆಯಾಸವೇಕೆಂದು ಮೇಷ್ಟ್ರಾದ ನನ್ನನ್ನು ಕೇಳುತ್ತಿದ್ದರು. ಡಾಕ್ಟರರು ಟಾನಿಕ್ ಕೊಟ್ಟರು. ಅದನ್ನೂ ಕುಡಿದರು.

ಒಂದು ಸಂತೆಯ ದಿನ ಎಮ್ಮೆಯ ಸಾಲಕ್ಕೆಂದು ಬಂದ ಉಚ್ಚಂಗಿದುರ್ಗದ ರೈತನೊಬ್ಬ ಬ್ಯಾಂಕಿನ ಮುಂದಿನ ಬೇವಿನ ಮರಕ್ಕೆ ಎಮ್ಮೆ ಕಟ್ಟಿದ. ಅದನ್ನು ಪರೀಕ್ಷಿಸಲು ಬೇರೊಬ್ಬ ಅಧಿಕಾರಿಯಿದ್ದರು. ಆದರೂ ಮೈಲಪ್ಪನವರು ಕೈಯಲ್ಲಿದ್ದ ಸಹಿಯ ಕಾರ್ಡಿನ ಸಮೇತ ಎದ್ದು ಹೋಗಿ ಎಮ್ಮೆಯ ಬಾಯಿ ಬಿಡಿಸಿದರು. ಇತ್ತ ಬ್ಯಾಂಕಿನೊಳಗೆ ಅವರ ಕಿಟಕಿಯ ಮುಂದೆ ಜನರ ಸಾಲು ಬೆಳೆಯಿತು.

“ಸಹಿ ನೋಡಾಕ ಕುಂದ್ರಿಸಿದ್ರ ಎಮ್ಮಿ ಹಲ್ಲು ನೋಡಾಕ ಹೋಗ್ಯಾನ. ಎಮ್ಮಿ ಸಹಿ ಹಾಕ್ತೈತೇನಲೇ?” ಎಂದ ಸಾಲಿನಲ್ಲಿದ್ದ ಎಲೆಯಡಿಕೆ ಅಂಗಡಿಯ ದುರುಗಪ್ಪ.

ಅಷ್ಟರಲ್ಲಿ ಎಮ್ಮೆ ಕಾರ್ಡಿನ ಮೂಲೆಯನ್ನು ಅಗಿದುಬಿಟ್ಟಿತ್ತು. ಮೈಲಪ್ಪನವರು ಹೇಳಿದ ವಯಸ್ಸೂ ತಪ್ಪೆಂದು ಆ ಅಧಿಕಾರಿ ಆಮೇಲೆ ತೋರಿಸಿಕೊಟ್ಟರು. ಮ್ಯಾನೇಜರ್ ಕರಿಸಿದ್ದಪ್ಪನವರು ಕರೆದು, ಇನ್ನೊಮ್ಮೆ ಹೀಗಾದರೆ ಹಳ್ಳಿಗೇ ವಾಪಸು ಕಳಿಸುವುದಾಗಿ ಗದರಿದರು.

ಸಂಜೆ ಮೈಲಪ್ಪನವರು ಜಗಲಿಗೆ ಬಂದರು. “ಹಳ್ಳಿಗೆ ಕಳಸ್ತೀನಿ ಅಂದ್ರ ಹೆದರಿಕಿ ಆಗಬೇಕಿತ್ತಲ್ರಿ ಮೇಷ್ಟ್ರ. ಮಗಳ ಸಾಲಿ ಐತಿ, ಮನಿ ಐತಿ. ಆದ್ರ ಯಾಕೋ ಖುಷಿ ಆತು ನೋಡ್ರಿ.”

ತಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ ಅಂಜಿನಕ್ಕ ಕೇಳಿಸಿಕೊಂಡಳು. “ಅಲ್ಲಿ ಸೊಂಟ ಅಂತಿದ್ರಿ, ಇಲ್ಲಿ ಮನಸು ಅಂತೀರಿ. ನಾ ಯಾವುದಕ್ಕ ಎಣ್ಣಿ ಹಚ್ಚಲಿ ಹೇಳ್ರಿ.”

ಅವರು ತಲೆ ಕೆರೆದುಕೊಂಡರು.

ಮರುದಿನ ಮೈಲಪ್ಪನವರು ಮ್ಯಾನೇಜರರ ಬಳಿ ಹೋಗಿ, ಸಂತೆಯ ದಿನ ಕಿಟಕಿಯ ಕೆಲಸ ಮುಗಿಸಿದ ಮೇಲೆ ಆ ಅಧಿಕಾರಿಯೊಡನೆ ಹಳ್ಳಿಗಳಿಗೆ ಹೋಗಿಬರಲು ಅನುಮತಿ ಬೇಡಿದರು. ಶಿಕ್ಷೆಯೆಂದು ಹೇಳಿದ್ದನ್ನೇ ಅರ್ಧ ಬೇಡುವ ಮನುಷ್ಯನನ್ನು ಕರಿಸಿದ್ದಪ್ಪನವರು ಅಡಿಯಿಂದ ಮುಡಿಯವರೆಗೆ ನೋಡಿ, ಆಗಲಿ ಎಂದರಂತೆ.

ಮುಂದಿನ ಸಂತೆಯ ದಿನ ಅವರು ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಪ್ಯಾಂಟಿಗೆ ಸಗಣಿ, ತಲೆತುಂಬ ಧೂಳು. ಅಂಜಿನಕ್ಕ ಗೋಡೆಯಾಚೆಯಿಂದ ನನ್ನನ್ನು ಕರೆದಳು.

“ಸೊಂಟ ನೋವಂತಾರ, ಮತ್ತ ನಗ್ತಾರ. ಇದೆಂಥ ಬ್ಯಾನಿರಿ ಮೇಷ್ಟ್ರ?”

ಅಷ್ಟರಲ್ಲೇ, ಎಣ್ಣೆಯ ಬಟ್ಟಲು ಎಲ್ಲಿದೆಯೆಂದು ಮೈಲಪ್ಪನವರು ಒಳಗಿನಿಂದ ಕೂಗಿ ಕೇಳಿದರು.